ಯಾರಿಗೋ ಒಬ್ಬರಿಗೆ ಗೊತ್ತಿತ್ತು

ಇಂಗ್ಲೆಂಡಿನ ದಕ್ಷಿಣ ಕರಾವಳಿಯಲ್ಲಿ ಲೈಮ್ ರೀಜಿಸ್ ಎಂಬ ಊರಿದೆ. ಅಲ್ಲಿನ ಸಾಹಸ ಶಿಬಿರವೊಂದರಲ್ಲಿ ಬೋಧಕರಾಗಿದ್ದ ಇಬ್ಬರು 1992ರಲ್ಲಿ ಕೆಲಸ ಬಿಟ್ಟರು. ಬಿಡುವಾಗ ಮಾಲೀಕರಿಗೆ ಒಂದು ಪತ್ರ ಬರೆದರು. ಇಲ್ಲಿ ತರಬೇತಾದವರು ಸಾಲದು, ಸಲಕರಣೆ ಸಾಲದು, ಹೀಗೇ ನಡೆಸಿದರೆ ಯಾರದೋ ಮಗನೋ ಮಗಳೋ ಮನೆಗೆ ಏಕೆ ಬರಲಿಲ್ಲ ಎಂಬುದಕ್ಕೆ ನೀವೇ ಉತ್ತರ ಹೇಳಬೇಕಾದೀತು ಎಂಬುದು ಪತ್ರದ ಸಾರ. ಅದನ್ನು ಯಾರೂ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. 1993ರ ಮಾರ್ಚ್ 22ರಂದು ಪ್ಲಿಮತ್ ನಗರದ ಶಾಲೆಯೊಂದರ ಎಂಟು ವಿದ್ಯಾರ್ಥಿಗಳು, ಒಬ್ಬ ಶಿಕ್ಷಕ ಮತ್ತು ಇಬ್ಬರು ಬೋಧಕರು ಅದೇ ಶಿಬಿರದಿಂದ ಪುಟ್ಟ ದೋಣಿಗಳಲ್ಲಿ ಕಡಲಿಗಿಳಿದರು. ಮಧ್ಯಾಹ್ನದೊಳಗೆ ಪಕ್ಕದ ಚಾರ್ಮತ್ ತಲುಪುವುದಿತ್ತು. ಗಾಳಿ ಅವರನ್ನು ದಂಡೆಯಿಂದ ದೂರ ಒಯ್ದಿತು. ಅಪಾಯದಲ್ಲಿದ್ದೇವೆಂದು ತೋರಿಸಲು ಉರಿಸುವ ಬೆಳಕಿನ ಬಾಣವೂ ಅವರ ಬಳಿ ಇರಲಿಲ್ಲ. ಕರಾವಳಿ ರಕ್ಷಣಾ ಪಡೆಗೆ ಸುದ್ದಿ ಮುಟ್ಟುವಷ್ಟರಲ್ಲಿ ಗಂಟೆಗಳೇ ಕಳೆದಿದ್ದವು. ಹದಿನಾರು ಹದಿನೇಳರ ಪ್ರಾಯದ ನಾಲ್ವರು ಮಕ್ಕಳು ತೀರಿಕೊಂಡರು.

ಮರುವರ್ಷ ಕಂಪನಿಯ ಮುಖ್ಯಸ್ಥ ಜೈಲಿಗೆ ಹೋದ. ಬ್ರಿಟನ್ನಿನಲ್ಲಿ ಕಂಪನಿಯೊಂದು ನರಹತ್ಯೆಯ ಅಪರಾಧಿಯೆಂದು ಸಾಬೀತಾದದ್ದು ಅದೇ ಮೊದಲು. ಮೊಕದ್ದಮೆಯಲ್ಲಿ ಆ ಪತ್ರ ದೊಡ್ಡ ಸಾಕ್ಷಿಯಾಯಿತು. 1995ರಲ್ಲಿ ಸಾಹಸ ಕೇಂದ್ರಗಳಿಗೆ ಪರವಾನಗಿ ಕಡ್ಡಾಯ ಮಾಡುವ ಕಾಯ್ದೆ ಬಂತು.

ಮಕ್ಕಳನ್ನು ಬೆಟ್ಟಕ್ಕೆ, ಕಾಡಿಗೆ, ಹೊಳೆಗೆ ಕರೆದೊಯ್ಯುವ ಸಂಸ್ಥೆಗಳ ಬಗ್ಗೆ ಬರೆಯಬೇಕೆಂದಾಗ ನನಗೆ ಮೊದಲು ನೆನಪಾಗುವುದು ಈ ಪತ್ರ. ಏಕೆಂದರೆ ಮುಂದೆ ಹೇಳುವ ಬಹುತೇಕ ಪ್ರಕರಣಗಳಲ್ಲಿ ಇಂಥದ್ದೇ ಒಂದು ಎಳೆ ಸಿಗುತ್ತದೆ. ಅನಾಹುತ ಆಗುವ ಮುಂಚೆಯೇ ಯಾರಿಗೋ ಒಬ್ಬರಿಗೆ ಗೊತ್ತಿತ್ತು. ಗೊತ್ತಿದ್ದದ್ದು ಹೋಗಿ ಮುಟ್ಟಬೇಕಾದ ಕಡೆ ಮುಟ್ಟಲಿಲ್ಲ, ಮುಟ್ಟಿದರೂ ಕೇಳಿಸಿಕೊಂಡವರು ಸುಮ್ಮನಾದರು.

ನೀರು, ಬಂಡೆ, ಹಗ್ಗದ ಅಪಾಯ ಕಣ್ಣಿಗೆ ಕಾಣುವಂಥದ್ದು. ಕಂಡರೂ ನಾವು ಕಲಿತದ್ದು ಕಡಿಮೆ. 2024ರ ಜನವರಿಯಲ್ಲಿ ವಡೋದರದ ಹರಣಿ ಕೆರೆಯಲ್ಲಿ ಮಿತಿಮೀರಿ ಜನ ತುಂಬಿದ್ದ ದೋಣಿ ಮಗುಚಿ ಹನ್ನೆರಡು ಶಾಲಾ ಮಕ್ಕಳು, ಇಬ್ಬರು ಶಿಕ್ಷಕಿಯರು ಸತ್ತರು. ಎಲ್ಲರಿಗೂ ಲೈಫ್ ಜಾಕೆಟ್ ಕೊಟ್ಟಿರಲಿಲ್ಲ. ಅದೇ ವರ್ಷದ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯಿಂದ ಮುರುಡೇಶ್ವರಕ್ಕೆ ಪ್ರವಾಸ ಬಂದಿದ್ದ ವಸತಿ ಶಾಲೆಯ ನಾಲ್ವರು ಹುಡುಗಿಯರನ್ನು ಕಡಲು ಎಳೆದುಕೊಂಡಿತು. ಇಂಥ ಸಾವುಗಳಾದಾಗ ಊರಿಗೆ ಊರೇ ಸಿಟ್ಟಾಗುತ್ತದೆ, ಬಂಧನವಾಗುತ್ತದೆ, ಆದೇಶ ಹೊರಡುತ್ತದೆ. ಇನ್ನೊಂದು ಬಗೆಯ ಅಪಾಯಕ್ಕೆ ಈ ಸಿಟ್ಟೂ ಸಿಗುವುದಿಲ್ಲ. ಅದು ಮಗುವನ್ನು ಕೈಹಿಡಿದು ಬೆಟ್ಟ ಹತ್ತಿಸುವ ಮನುಷ್ಯನಿಂದಲೇ ಬರಬಹುದಾದ ಅಪಾಯ.

ಮನೆಯಲ್ಲಿರುವ ಮಗುವಿನ ಸುತ್ತ ನಾವು ಎಣಿಸದೇ ಇರುವ ಎಷ್ಟೋ ಕಾವಲುಗಳಿವೆ. ಅಜ್ಜಿ ಇದ್ದಾಳೆ, ಪಕ್ಕದ ಮನೆಯ ಆಂಟಿ ಇದ್ದಾರೆ, ಬೀದಿ ದೀಪವಿದೆ, ಅಮ್ಮನ ಫೋನಿದೆ. ಶಿಬಿರಕ್ಕೆ ಹೊರಟ ದಿನ ಇವೆಲ್ಲ ಒಂದೇ ಏಟಿಗೆ ಕಳಚುತ್ತವೆ. ಊರು ಹೊಸದು, ಕತ್ತಲು ಹೊಸದು, ನೆಟ್‌ವರ್ಕ್ ಇಲ್ಲ, ಮೊಬೈಲನ್ನು ಮೊದಲ ದಿನವೇ ತೆಗೆದಿಟ್ಟಿರುತ್ತಾರೆ. ಊಟ ಯಾವಾಗ, ಮಲಗುವುದೆಲ್ಲಿ, ಯಾರ ಜೊತೆ ಎಂಬುದನ್ನೆಲ್ಲ ‘ಸರ್’ ಹೇಳುತ್ತಾರೆ. ಆ ಸರ್ ಮಗುವಿನ ಕಣ್ಣಿಗೆ ವೀರ. ಬಂಡೆ ಹತ್ತುತ್ತಾರೆ, ಹಾವಿನ ಹೆಸರು ಹೇಳುತ್ತಾರೆ, ರಾತ್ರಿ ಕಥೆ ಹೇಳುತ್ತಾರೆ. ಶಿಬಿರದ ಸೊಗಸೇ ಇದು, ಮಕ್ಕಳು ಅಲ್ಲಿಂದ ಬೇರೆಯೇ ಆಗಿ ಬರುವುದು ಇದರಿಂದಲೇ. ಮಗುವಿಗೆ ಹಾನಿ ಮಾಡಬೇಕೆಂದು ಹೊಂಚುವವನನ್ನು ಸೆಳೆಯುವುದೂ ಇದೇ. ನಮ್ಮ ದೇಶದ ಅಪರಾಧ ದಾಖಲೆಗಳ ಪ್ರಕಾರ, ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯಡಿ ದಾಖಲಾದ ಅತ್ಯಾಚಾರ ಪ್ರಕರಣಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಆರೋಪಿಗಳು ಮಗುವಿಗೆ ಮೊದಲೇ ಪರಿಚಯವಿದ್ದವರು.

ಈ ಅಪಾಯವನ್ನು ಮುಚ್ಚಿಟ್ಟರೆ ಏನಾಗುತ್ತದೆಂದು ತಿಳಿಯಲು ಅಮೆರಿಕದ ಬಾಯ್ ಸ್ಕೌಟ್ಸ್ ಸಂಸ್ಥೆಯ ಕಥೆ ಓದಬೇಕು. 1910ರಲ್ಲಿ ಹುಟ್ಟಿದ ಆ ಸಂಸ್ಥೆ 1920ರ ದಶಕದ ಹೊತ್ತಿಗಾಗಲೇ ಒಂದು ಗುಟ್ಟಿನ ಕಡತ ಸಂಗ್ರಹ ಇಟ್ಟುಕೊಂಡಿತ್ತು. ಸ್ಕೌಟ್ ಮಾಸ್ಟರ್ ಆಗಲು ಯೋಗ್ಯರಲ್ಲದವರ ಹೆಸರು ಅದರಲ್ಲಿ ಸೇರುತ್ತಿತ್ತು. ಮಕ್ಕಳನ್ನು ಕೆಡಿಸಿದವರ ಹೆಸರುಗಳೂ ಅಲ್ಲಿದ್ದವು. ಉದ್ದೇಶ ಒಳ್ಳೆಯದೇ, ಅಂಥವರು ಮತ್ತೊಂದು ಊರಿನ ದಳಕ್ಕೆ ಸೇರಿಕೊಳ್ಳಬಾರದು ಎಂಬುದು. ಆದರೆ ಕಡತಗಳು ಬೀರುವಿನಲ್ಲೇ ಉಳಿದವು. ಎಷ್ಟೋ ಸಲ ಪೊಲೀಸರಿಗೆ ಹೇಳಲಿಲ್ಲ, ಹೆತ್ತವರಿಗೆ ಹೇಳಲಿಲ್ಲ, ‘ವೈಯಕ್ತಿಕ ಕಾರಣ’ ಎಂದು ರಾಜೀನಾಮೆ ಬರೆಸಿಕೊಂಡು ಕಳಿಸಿಬಿಟ್ಟರು. ಕೆಲವರು ಇನ್ನೊಂದು ಕಡೆ ಮತ್ತೆ ಸೇರಿಕೊಂಡರು. ಆರೆಗಾನ್ ರಾಜ್ಯದ ಪ್ರಕರಣವೊಂದರಲ್ಲಿ, ಹದಿನೇಳು ಹುಡುಗರ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದ್ದೇನೆಂದು ಸಹಾಯಕ ಸ್ಕೌಟ್ ಮಾಸ್ಟರ್ 1983ರಲ್ಲಿ ಒಪ್ಪಿಕೊಂಡಿದ್ದ. ಆಮೇಲೂ ಅವನು ಮಕ್ಕಳ ನಡುವೆ ಇರಲು ಅಡ್ಡಿಯಾಗಲಿಲ್ಲ. 2010ರಲ್ಲಿ ಪೋರ್ಟ್‌ಲ್ಯಾಂಡಿನ ಜ್ಯೂರಿ ಆ ಪ್ರಕರಣದಲ್ಲಿ ಸಂಸ್ಥೆಗೆ 1.85 ಕೋಟಿ ಡಾಲರ್ ದಂಡ ಹಾಕಿತು. 1965ರಿಂದ 1985ರವರೆಗಿನ ಸಾವಿರದ ಇನ್ನೂರಕ್ಕೂ ಹೆಚ್ಚು ಕಡತಗಳು 2012ರಲ್ಲಿ ನ್ಯಾಯಾಲಯದ ಆದೇಶದಿಂದ ಬಹಿರಂಗವಾದವು. 2020ರ ಫೆಬ್ರುವರಿಯಲ್ಲಿ ಸಂಸ್ಥೆ ದಿವಾಳಿ ಅರ್ಜಿ ಹಾಕಿತು. ಪರಿಹಾರ ಕೇಳಿ ಮುಂದೆ ಬಂದವರು 82,000ಕ್ಕೂ ಹೆಚ್ಚು. ಬಹಳ ಮಂದಿ ನಡುವಯಸ್ಸು ದಾಟಿದ್ದ ಗಂಡಸರು.

ಅಷ್ಟೂ ಜನ ಹುಡುಗರಾಗಿದ್ದಾಗ ಎಲ್ಲಿ, ಯಾರ ಹತ್ತಿರ ಹೇಳಬಹುದಿತ್ತು? ಈ ಪ್ರಶ್ನೆ ನನ್ನನ್ನು ಬಹಳ ಕಾಡುತ್ತದೆ. ಸಂಸ್ಥೆಯ ಹೆಸರು ಕೆಡಬಾರದೆಂಬ ಒಂದೇ ಯೋಚನೆ ಅದರ ಹೆಸರನ್ನೂ ಆ ಮಕ್ಕಳ ಬಾಳನ್ನೂ ಕೆಡಿಸಿತು.

ಮುಚ್ಚಿಡದೆ ಅಂಥವನನ್ನು ಹೊರಗೆ ಕಳಿಸಿ ಬಾಗಿಲು ಹಾಕಿದ ಸಂಸ್ಥೆಯ ಉದಾಹರಣೆಯೂ ಇದೆ. ಅಷ್ಟೂ ಸಾಲದೇ ಹೋಯಿತು. ಸ್ಕಾಟ್ಲೆಂಡಿನಲ್ಲಿ ಒಬ್ಬ ಯುವಕ ಸ್ಕೌಟ್ ನಾಯಕನಾಗಿದ್ದ. ಚಾರಣಕ್ಕೆ ಕರೆದೊಯ್ದ ಹುಡುಗರನ್ನು ತನ್ನ ವ್ಯಾನಿನಲ್ಲಿ ತನ್ನ ಪಕ್ಕವೇ ಮಲಗಿಸಿಕೊಂಡನೆಂದು ದೂರು ಬಂದಾಗ, 1974ರಲ್ಲಿ ಸಂಸ್ಥೆ ಅವನನ್ನು ತೆಗೆದುಹಾಕಿ ಮತ್ತೆ ಸೇರಿಸಿಕೊಳ್ಳಲಿಲ್ಲ. ಅವನು ಸ್ವಂತ ಬಾಲಕರ ಕ್ಲಬ್ ಶುರುಮಾಡಿದ. ಸ್ಥಳೀಯ ಆಡಳಿತ ಶಾಲೆಯ ಕಟ್ಟಡ ಬಾಡಿಗೆ ಕೊಡಲು ನಿರಾಕರಿಸಿದಾಗ, ಆಡಳಿತದ ಮೇಲಿನ ದೂರು ವಿಚಾರಿಸುವ ಒಂಬುಡ್ಸ್‌ಮನ್ ಬಳಿ ಹೋಗಿ ಗೆದ್ದ. ಲೋಮಂಡ್ ಸರೋವರದ ದ್ವೀಪದಲ್ಲಿ ಬೇಸಿಗೆ ಶಿಬಿರ ನಡೆಸಿದ. ಪೊಲೀಸರು ಹೋಗಿ ವಿಚಾರಿಸಿದರು, ಮೊಕದ್ದಮೆ ಹೂಡಲಿಲ್ಲ. ಒಬ್ಬೊಬ್ಬರ ಬಳಿ ಒಂದೊಂದು ತುಂಡು ಮಾಹಿತಿ ಇತ್ತು, ತುಂಡುಗಳನ್ನು ಜೋಡಿಸಿ ನೋಡುವವರಿರಲಿಲ್ಲ. 1996ರ ಮಾರ್ಚ್ 13ರಂದು ಅವನು ಡನ್‌ಬ್ಲೇನ್ ಊರಿನ ಪ್ರಾಥಮಿಕ ಶಾಲೆಗೆ ಬಂದೂಕು ಹಿಡಿದು ನುಗ್ಗಿ ಹದಿನಾರು ಮಕ್ಕಳನ್ನೂ ಅವರ ಶಿಕ್ಷಕಿಯನ್ನೂ ಕೊಂದ. ಬ್ರಿಟನ್ನಿನ ಬಂದೂಕು ಕಾನೂನು ಬದಲಾದದ್ದು ಎಲ್ಲರಿಗೂ ಗೊತ್ತು. ವಿಚಾರಣೆ ನಡೆಸಿದ ಲಾರ್ಡ್ ಕಲನ್ ಅವರ ವರದಿಯ ಇನ್ನೊಂದು ಶಿಫಾರಸು ಅಷ್ಟು ಪ್ರಸಿದ್ಧವಲ್ಲ: ಮಕ್ಕಳು ಸೇರುವ ಕ್ಲಬ್, ಗುಂಪುಗಳಿಗೆ ರಾಷ್ಟ್ರಮಟ್ಟದ ಸಂಸ್ಥೆಯೊಂದರ ಮಾನ್ಯತೆ ಇರಬೇಕು. 2002ರಲ್ಲಿ ಇಂಗ್ಲೆಂಡಿನ ಸೋಹಮ್ ಎಂಬಲ್ಲಿ ಶಾಲೆಯ ನೌಕರನೊಬ್ಬ ಇಬ್ಬರು ಹತ್ತು ವರ್ಷದ ಹುಡುಗಿಯರನ್ನು ಕೊಂದಾಗಲೂ, ಅವನ ಮೇಲಿನ ಹಳೆಯ ಆರೋಪಗಳು ಬೇರೆ ಪ್ರದೇಶದ ಪೊಲೀಸರಿಗೆ ಗೊತ್ತಿದ್ದವು, ನೇಮಿಸಿಕೊಂಡ ಶಾಲೆಗೆ ತಿಳಿದಿರಲಿಲ್ಲ. ಅಪಾಯಕ್ಕೆ ಸುಲಭವಾಗಿ ಸಿಲುಕಬಲ್ಲವರ ರಕ್ಷಣೆಗೆಂದು 2006ರಲ್ಲಿ ಅಲ್ಲಿ ಕಾಯ್ದೆ ಬಂದದ್ದು ಆ ಸಾವುಗಳಿಂದ. ಅದರಲ್ಲಿ ಮಕ್ಕಳ ಜೊತೆಗೆ ದುರ್ಬಲ ಸ್ಥಿತಿಯಲ್ಲಿರುವ ವಯಸ್ಕರನ್ನೂ ಸೇರಿಸಿದರು.

ಇಷ್ಟೆಲ್ಲ ನೋವಿನಿಂದ ಹುಟ್ಟಿದ ನಿಯಮಗಳು ಓದಲು ತೀರಾ ಸಣ್ಣವು. ಮುಖ್ಯವಾದದ್ದು ಒಂದೇ. ದೊಡ್ಡವರೊಬ್ಬರು ಒಂದು ಮಗುವಿನ ಜೊತೆ ಇತರರ ಕಣ್ಣಿಗೆ ಬೀಳದ ಜಾಗದಲ್ಲಿ ಒಂಟಿಯಾಗಿರಬಾರದು. ಎಲ್ಲ ಚಟುವಟಿಕೆಗೂ ಕನಿಷ್ಠ ಇಬ್ಬರು ದೊಡ್ಡವರು. ಮಗುವಿನ ಜೊತೆ ಪ್ರತ್ಯೇಕವಾಗಿ ಮಾತಾಡಬೇಕೇ, ಮಾತಾಡಿ, ಆದರೆ ಮೈದಾನದ ಅಂಚಿನಲ್ಲಿ ನಿಂತು, ನಾಲ್ಕು ಜನಕ್ಕೆ ಕಾಣುವಂತೆ. ದೊಡ್ಡವರ ಟೆಂಟು ಬೇರೆ, ಮಕ್ಕಳ ಟೆಂಟು ಬೇರೆ. ರಾತ್ರಿ ಶೌಚಕ್ಕೆ ಹೋಗಬೇಕಾದ ಮಗು ತನ್ನ ಜೊತೆಗಾರನನ್ನು ಎಬ್ಬಿಸಿಕೊಂಡು ಹೋಗುತ್ತದೆ, ಟಾರ್ಚು ಹಿಡಿದು ಒಬ್ಬರು ದಾರಿಯಲ್ಲಿ ನಿಂತಿರುತ್ತಾರೆ, ಬಾಗಿಲ ಬಳಿ ಅಲ್ಲ. ಹುಡುಗಿಯರಿರುವ ಶಿಬಿರದಲ್ಲಿ ರಾತ್ರಿಯೂ ಮಹಿಳಾ ನಾಯಕಿ ಇರಲೇಬೇಕು. ಅಡುಗೆಗೆ ಬಂದ ಹೆಂಗಸರನ್ನು ಲೆಕ್ಕಕ್ಕೆ ತೋರಿಸುವುದು ನಡೆಯುವುದಿಲ್ಲ. ಶಿಬಿರ ಮುಗಿದ ಮೇಲೆ ಮಗುವಿಗೆ ಬೋಧಕರು ಖಾಸಗಿ ವಾಟ್ಸ್‌ಆಪ್ ಸಂದೇಶ ಕಳಿಸಬಾರದು, ಹೇಳುವುದಿದ್ದರೆ ಅಪ್ಪ ಅಮ್ಮ ಇರುವ ಗುಂಪಿನಲ್ಲಿ ಹೇಳಬೇಕು. ಹೊಳೆಯಲ್ಲಿ ಮಿಂದ ಮಕ್ಕಳ ಫೋಟೊ ಯಾರ ಸ್ವಂತ ಫೋನಿನಲ್ಲೂ ಉಳಿಯಬಾರದು. ಮಕ್ಕಳು ಮಕ್ಕಳಿಗೆ ಕೊಡುವ ಕಾಟವೂ ಇದೇ ಲೆಕ್ಕಕ್ಕೆ ಸೇರುತ್ತದೆ, ದೊಡ್ಡ ಹುಡುಗರನ್ನೂ ಪುಟ್ಟವರನ್ನೂ ಒಂದೇ ಟೆಂಟಿಗೆ ತುಂಬಬಾರದು.

ಬಂಡೆ ಹತ್ತುವ ತಾಣವೊಂದರಲ್ಲಿ ಹಾರ್ನೆಸ್ ಕಟ್ಟುವುದನ್ನು ಹತ್ತಿರದಿಂದ ನೋಡಿದರೆ ಈ ನಿಯಮಗಳ ಜೀವ ಎಲ್ಲಿದೆಯೆಂದು ಗೊತ್ತಾಗುತ್ತದೆ. ಹಾರ್ನೆಸ್ ಎಂದರೆ ಸೊಂಟದ ಪಟ್ಟಿ, ಎರಡು ತೊಡೆಗಳ ಸುತ್ತ ಎರಡು ಪಟ್ಟಿ. ಸಡಿಲವಿದ್ದರೆ ಮಗು ಬೀಳುತ್ತದೆ, ಆದ್ದರಿಂದ ಬಿಗಿಯಾಗಿದೆಯೇ ಎಂದು ನೋಡಲೇಬೇಕು. ಅವಸರದ ಬೋಧಕ ಮಗುವನ್ನು ಎಳೆದು ನಿಲ್ಲಿಸಿ, ಬಗ್ಗಿ, ತಾನೇ ಪಟ್ಟಿ ಎಳೆಯುತ್ತಾನೆ. ಅವನಿಗೆ ಕೆಟ್ಟ ಯೋಚನೆ ಇರಲಾರದು, ಹಿಂದೆ ನಲವತ್ತು ಮಕ್ಕಳ ಸಾಲಿದೆ. ಬಲ್ಲ ಬೋಧಕಿ ಹೀಗೆ ಮಾಡುವುದಿಲ್ಲ. ಮೊದಲು ತನ್ನ ಹಾರ್ನೆಸ್ ತಾನು ಹಾಕಿ ತೋರಿಸುತ್ತಾಳೆ. “ಈಗ ನೀನೇ ಎಳ್ಕೋ ಪುಟ್ಟಾ, ಪಟ್ಟಿ ಒಳಗೆ ಎರಡೇ ಬೆರಳು ಹೋಗಬೇಕು” ಅನ್ನುತ್ತಾಳೆ. ಮಗು ಎಳೆದುಕೊಂಡ ಮೇಲೆ, “ನಾನೊಂದ್ಸಲ ಬಕಲ್ ಮುಟ್ಟಿ ನೋಡ್ಲಾ?” ಎಂದು ಕೇಳುತ್ತಾಳೆ. ಮಗು ಹೂಂ ಅಂದ ಮೇಲೆ, ಎಲ್ಲರ ಎದುರೇ, ಬಕಲನ್ನಷ್ಟೇ ಹಿಡಿದು ಜಗ್ಗುತ್ತಾಳೆ. ಹೆಚ್ಚಿಗೆ ಹಿಡಿಯುವುದು ಅರ್ಧ ನಿಮಿಷ. ಆ ಅರ್ಧ ನಿಮಿಷದಲ್ಲಿ ಮಗು ಹಗ್ಗದ ವಿದ್ಯೆಯ ಜೊತೆಗೆ ಇನ್ನೊಂದನ್ನೂ ಕಲಿಯಿತು: ನನ್ನ ಮೈ ಮುಟ್ಟುವ ಮುಂಚೆ ದೊಡ್ಡವರೂ ಕೇಳಬೇಕು. ಮುಂದೊಮ್ಮೆ ಯಾರಾದರೂ ಕೇಳದೆ ಮುಟ್ಟಿದರೆ ಅದು ಸರಿಯಲ್ಲವೆಂದು ಆ ಮಗುವಿಗೆ ಗೊತ್ತಾಗುತ್ತದೆ.

ಸ್ವಯಂಸೇವಕರಲ್ಲಿ ಅನೇಕರಿಗೆ ಈ ನಿಯಮಗಳಿಂದ ಬೇಸರವಿದೆ. ಇಪ್ಪತ್ತು ವರ್ಷ ನಿಸ್ವಾರ್ಥವಾಗಿ ದುಡಿದಿದ್ದೇವೆ, ನಮ್ಮನ್ನೇ ಅನುಮಾನಿಸುತ್ತೀರಾ ಎನ್ನುತ್ತಾರೆ. ಅವರ ನೋವು ನಿಜ, ಅದನ್ನು ಹಗುರಾಗಿ ಕಾಣಬಾರದು. ಆದರೂ ನಿಯಮ ಬೇಕೇ ಬೇಕು. ಒಳ್ಳೆಯವನಿಗೊಂದು, ಕೆಟ್ಟವನಿಗೊಂದು ಎಂದು ನಿಯಮ ಮಾಡಲಾಗದು, ಏಕೆಂದರೆ ಕೆಟ್ಟವನು ಒಳ್ಳೆಯವನಂತೆಯೇ ಇರುತ್ತಾನೆ. ಎಲ್ಲರೂ ಪಾಲಿಸಿದರೆ ಪಾಲಿಸದವನು ಕೂಡಲೇ ಕಣ್ಣಿಗೆ ಬೀಳುತ್ತಾನೆ. ಒಬ್ಬರೇ ಇದ್ದಾಗ ಹೊರಬೀಳಬಹುದಾದ ಸುಳ್ಳು ಆರೋಪದಿಂದಲೂ ಈ ನಿಯಮ ಪ್ರಾಮಾಣಿಕ ನಾಯಕನನ್ನು ಕಾಯುತ್ತದೆ.

ನಮ್ಮ ರಾಜ್ಯಕ್ಕೆ ಹೊರಾಂಗಣ ಚಟುವಟಿಕೆ ಹೊಸದೇನಲ್ಲ. ಭಾರತದ ಮೊದಲ ಸ್ಕೌಟ್ ದಳಗಳು 1909ರಲ್ಲಿ ಹುಟ್ಟಿದ್ದೇ ಬೆಂಗಳೂರಿನಲ್ಲಿ. ಈಗ ಶಾಲೆಗಳ ಸಾಹಸ ಶಿಬಿರ, ಬೇಸಿಗೆ ಶಿಬಿರ, ವಾರಾಂತ್ಯದ ಚಾರಣ ಎಂದು ದೊಡ್ಡ ಉದ್ಯಮವೇ ಬೆಳೆದಿದೆ. ರಾಮನಗರದ ಬಂಡೆಗಳಿಂದ ದಾಂಡೇಲಿಯ ಕಾಳಿ ಹೊಳೆಯವರೆಗೆ ಮಕ್ಕಳ ಬಸ್ಸು ಓಡಾಡುತ್ತವೆ. ಇದರಲ್ಲಿ ದುಡಿಯುವ ಯುವಕರಲ್ಲಿ ಹೆಚ್ಚಿನವರು ಯಾವ ಸಂಸ್ಥೆಗೂ ಕಾಯಂ ನೌಕರರಲ್ಲ. ಈ ಶನಿವಾರ ಒಬ್ಬರ ಶಿಬಿರ, ಮುಂದಿನ ಶನಿವಾರ ಇನ್ನೊಬ್ಬರದು. ಒಂದು ಕಡೆ ಬೇಡವೆಂದು ಕಳಿಸಿದವನು ಮುಂದಿನ ವಾರವೇ ಬೇರೆ ಟೀಶರ್ಟು ಹಾಕಿಕೊಂಡು ಬೇರೆ ಮಕ್ಕಳ ಮುಂದೆ ನಿಲ್ಲಬಹುದು. ಸ್ಕಾಟ್ಲೆಂಡಿನಲ್ಲಿ ತೆರೆದೇ ಉಳಿದಿದ್ದ ಕಿಂಡಿ ನಮ್ಮಲ್ಲಿ ಇವತ್ತಿಗೂ ತೆರೆದಿದೆ ಎಂದೇ ನನ್ನ ಆತಂಕ.

ಕಾನೂನು ನಮ್ಮಲ್ಲಿ ಇಲ್ಲದೆ ಇಲ್ಲ. 2020ರ ಪೋಕ್ಸೊ ನಿಯಮಗಳ ಪ್ರಕಾರ ಮಕ್ಕಳು ನಿಯಮಿತವಾಗಿ ಒಡನಾಡುವ ಯಾವುದೇ ಸಂಸ್ಥೆ, ಅದು ಶಾಲೆಯಿರಲಿ ಕ್ರೀಡಾ ಅಕಾಡೆಮಿಯಿರಲಿ, ಕಾಯಂ ಮತ್ತು ಗುತ್ತಿಗೆ ನೌಕರರೆಲ್ಲರ ಪೊಲೀಸ್ ವೆರಿಫಿಕೇಶನ್ ಕಾಲಕಾಲಕ್ಕೆ ಮಾಡಿಸಬೇಕು, ಮಕ್ಕಳ ಸುರಕ್ಷತೆಯ ತರಬೇತಿ ಕೊಡಿಸಬೇಕು. ವೆರಿಫಿಕೇಶನ್ ಮಾಡಿಸಲು ರಾಜ್ಯ ಸರ್ಕಾರದ ಸೇವಾಸಿಂಧು ಜಾಲತಾಣದಲ್ಲಿ ಅರ್ಜಿ ಹಾಕಬಹುದು. ಆದರೆ ಠಾಣೆಯ ದಾಖಲೆ ಹೇಳುವುದು ದಾಖಲಾದದ್ದನ್ನು ಮಾತ್ರ. ಮಾನಕ್ಕೆ ಅಂಜಿ ಯಾರೂ ದೂರು ಕೊಡದ ಊರಿನಲ್ಲಿ ಎಲ್ಲರ ದಾಖಲೆಯೂ ಶುಭ್ರವಾಗಿರುತ್ತದೆ. ಆದ್ದರಿಂದ ಹಿಂದೆ ಕೆಲಸ ಮಾಡಿದ ಕಡೆಗೆ ಫೋನು ಮಾಡಿ, “ಇವರನ್ನು ಮತ್ತೆ ಮಕ್ಕಳ ಶಿಬಿರಕ್ಕೆ ಕರೆಯುತ್ತೀರಾ?” ಎಂದು ನೇರವಾಗಿ ಕೇಳುವುದು ಪ್ರಮಾಣಪತ್ರಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಆ ಕಡೆಯಿಂದ ಉತ್ತರ ಬರುವ ಮುಂಚೆ ಒಂದು ಗಳಿಗೆ ಮೌನವಾದರೂ ಅದನ್ನು ಗಮನಿಸಬೇಕು.

ಇನ್ನು ಮಗು ಬಾಯಿಬಿಟ್ಟ ಗಳಿಗೆ. ಅದು ನಾವಂದುಕೊಂಡಂತೆ ಬರುವುದಿಲ್ಲ. ಕೇಂದ್ರ ಸರ್ಕಾರ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಾತಾಡಿಸಿದ ಮಕ್ಕಳಲ್ಲಿ ನೂರಕ್ಕೆ ಐವತ್ತಮೂರು ಮಂದಿ ಒಂದಲ್ಲ ಒಂದು ಬಗೆಯ ಲೈಂಗಿಕ ಕಿರುಕುಳ ಆಗಿತ್ತೆಂದು ಹೇಳಿದ್ದರು, ಹೆಚ್ಚಿನವರು ಅದನ್ನು ಯಾರಿಗೂ ಹೇಳಿರಲಿಲ್ಲ. ಹೇಳಿದರೂ ವಾಕ್ಯ ಮುರಿದಿರುತ್ತದೆ. “ನಂಗೆ ಆ ಸರ್ ಟೀಮ್ ಬೇಡ.” “ಹೊಟ್ಟೆನೋವು, ಮನೆಗೆ ಹೋಗ್ಬೇಕು.” ಆಗ ಕೇಳಿಸಿಕೊಂಡವರ ಮೊದಲ ಮಾತು ಬಹಳ ದೊಡ್ಡದು. “ಸರ್ ಹಂಗೆಲ್ಲ ಮಾಡಲ್ಲ ಕಣೋ” ಎಂದುಬಿಟ್ಟರೆ ಮಗು ಇನ್ನೆಂದೂ ಆ ಬಾಗಿಲು ತಟ್ಟುವುದಿಲ್ಲ. “ಹೇಳಿದ್ದು ಒಳ್ಳೇದಾಯ್ತು ಮರಿ, ನಿನ್ನ ತಪ್ಪೇನಿಲ್ಲ” ಎನ್ನಬೇಕು. ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಡಬಾರದು, ಹೇಳಲೇಬೇಕಾಗುತ್ತದೆ. ಕೆದಕಿ ಕೆದಕಿ ಕೇಳಬಾರದು. ಮಗು ಹೇಳಿದ್ದನ್ನು ಅದರದೇ ಮಾತಿನಲ್ಲಿ, ದಿನ, ಹೊತ್ತು ಹಾಕಿ ಬರೆದಿಡಬೇಕು.

ಆಮೇಲೆ ನಮ್ಮ ಸಂಸ್ಥೆಗಳು ಮಾಡುವ ಮೊದಲ ಕೆಲಸ ಒಂದು ಸಭೆ. ಹಿರಿಯರು ಕೂತು, ಇಬ್ಬರನ್ನೂ ಕರೆಸಿ, ‘ಒಳಗೊಳಗೇ’ ಮುಗಿಸಲು ನೋಡುತ್ತಾರೆ. ಪೋಕ್ಸೊ ಕಾಯ್ದೆಯ 19ನೇ ಕಲಂ ಇದಕ್ಕೆ ಅವಕಾಶ ಕೊಟ್ಟಿಲ್ಲ. ಅಪರಾಧ ನಡೆದಿದೆಯೆಂದು ಗೊತ್ತಾದರೆ ಅಥವಾ ನಡೆಯಬಹುದೆಂಬ ಭಯವಿದ್ದರೆ ಪೊಲೀಸರಿಗೆ ತಿಳಿಸುವುದು ಎಲ್ಲರ ಕರ್ತವ್ಯ. ತಿಳಿಸದಿದ್ದರೆ ಆರು ತಿಂಗಳವರೆಗೆ ಸೆರೆವಾಸವೋ ದಂಡವೋ ಆಗಬಹುದು, ತನ್ನ ಕೈಕೆಳಗಿನವನ ಅಪರಾಧವನ್ನು ತಿಳಿಸದ ಸಂಸ್ಥೆಯ ಮುಖ್ಯಸ್ಥನಿಗೆ ಒಂದು ವರ್ಷದವರೆಗೆ. ಒಳ್ಳೆಯ ಮನಸ್ಸಿನಿಂದ ತಿಳಿಸಿದವರ ಮೇಲೆ ಮೊಕದ್ದಮೆ ಹಾಕುವಂತಿಲ್ಲ ಎಂದೂ ಅದೇ ಕಲಂ ಹೇಳುತ್ತದೆ. ಠಾಣೆಯೆಂದರೆ ಹೆದರುವ ಹೆತ್ತವರಿಗೆ ಒಂದು ಮಾತು: ಮಗು ಠಾಣೆಗೆ ಹೋಗಬೇಕಾಗಿಲ್ಲ. ಅದರ ಮನೆಯಲ್ಲೇ, ಇಲ್ಲವೇ ಅದಕ್ಕೆ ಇಷ್ಟವಾದ ಜಾಗದಲ್ಲಿ, ಸಮವಸ್ತ್ರವಿಲ್ಲದ ಅಧಿಕಾರಿ, ಸಾಧ್ಯವಾದಷ್ಟೂ ಮಹಿಳೆಯೇ, ಹೇಳಿಕೆ ಬರೆದುಕೊಳ್ಳಬೇಕು. ಮಗುವಿನ ಹೆಸರು ಬಹಿರಂಗವಾಗುವಂತಿಲ್ಲ. ಮಕ್ಕಳ ಸಹಾಯವಾಣಿ 1098ಕ್ಕೆ ಹಗಲು ರಾತ್ರಿ ಎನ್ನದೆ ಕರೆ ಮಾಡಬಹುದು.

ದೊಡ್ಡವರಾದರೂ ತಮ್ಮನ್ನು ತಾವು ಕಾಪಾಡಿಕೊಳ್ಳಲಾಗದವರ ಪಾಡು ಇದಕ್ಕಿಂತ ಕಷ್ಟ. ಬೌದ್ಧಿಕ ಅಂಗವೈಕಲ್ಯವಿರುವ ಯುವಕ ಯುವತಿಯರನ್ನು, ದೃಷ್ಟಿಯಿಲ್ಲದವರನ್ನು ಚಾರಣಕ್ಕೆ ಕರೆದೊಯ್ಯುವ ಗುಂಪುಗಳು ಹೆಚ್ಚುತ್ತಿವೆ, ಹೆಚ್ಚಲಿ. ಆದರೆ ಹದಿನೆಂಟು ದಾಟಿದವರಿಗೆ ಪೋಕ್ಸೊ ಆಸರೆಯಿಲ್ಲ. ಸೆರೆಬ್ರಲ್ ಪಾಲ್ಸಿ ಇದ್ದ 38 ವರ್ಷದ ಮಹಿಳೆಯೊಬ್ಬರ ಬೌದ್ಧಿಕ ವಯಸ್ಸು ಆರೆಂಟು ವರ್ಷದ್ದು, ಆದ್ದರಿಂದ ಅವರನ್ನು ಮಗುವೆಂದು ಪರಿಗಣಿಸಿ ಎಂದು ತಾಯಿ ಸುಪ್ರೀಂ ಕೋರ್ಟಿಗೆ ಹೋದಾಗ, ಕಾಯ್ದೆ ಲೆಕ್ಕಹಾಕುವುದು ದೇಹದ ವಯಸ್ಸನ್ನು ಮಾತ್ರ ಎಂದು 2017ರಲ್ಲಿ ತೀರ್ಪು ಬಂತು. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಲ್ಲಿ, ದೌರ್ಜನ್ಯದ ಸುಳಿವು ಸಿಕ್ಕ ಯಾರೇ ಆದರೂ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗೆ ತಿಳಿಸಬಹುದು ಎಂದಿದೆ. ಅಲ್ಲಿರುವುದು ‘ಬಹುದು’, ಪೋಕ್ಸೊದಲ್ಲಿರುವಂಥ ‘ಲೇಬೇಕು’ ಅಲ್ಲ. ಕಾನೂನು ಇಷ್ಟಕ್ಕೇ ನಿಂತಿರುವಾಗ ಸಂಸ್ಥೆಯೇ ತನ್ನ ನಿಯಮದಲ್ಲಿ ‘ಲೇಬೇಕು’ ಎಂದು ಬರೆದುಕೊಳ್ಳಬೇಕು. ಬಟ್ಟೆ ಬದಲಿಸಲು, ಶೌಚಕ್ಕೆ ನೆರವು ಬೇಕಾದವರಿಗೆ ಯಾರು, ಹೇಗೆ ನೆರವಾಗಬೇಕೆಂದು ಹೊರಡುವ ಮುಂಚೆ ಅವರನ್ನೇ ಕೇಳಬೇಕು. ಅಮ್ಮನನ್ನೋ ಅಣ್ಣನನ್ನೋ ಕೇಳಿ ಮುಗಿಸುವ ಅಭ್ಯಾಸ ನಮ್ಮಲ್ಲಿ ಬೇರೂರಿದೆ.

ಬೇಸಿಗೆ ಶಿಬಿರಕ್ಕೆ ಹಣ ಕಟ್ಟುವ ಮುಂಚೆ ನಾವು ಫೋನು ಮಾಡಿ ಊಟ ಹೇಗೆ, ಬಸ್ಸು ಎಸಿಯೇ, ಎಷ್ಟು ಹೊತ್ತಿಗೆ ವಾಪಸ್ಸು ಎಂದು ಕೇಳುತ್ತೇವೆ. ರಾತ್ರಿ ಟೆಂಟಿನ ಬಳಿ ಯಾರಿರುತ್ತಾರೆ, ಬೋಧಕರ ಪೊಲೀಸ್ ವೆರಿಫಿಕೇಶನ್ ಯಾವಾಗ ಆಗಿದೆ, ಮಗುವಿಗೆ ಏನಾದರೂ ಸರಿಯೆನಿಸದಿದ್ದರೆ ಯಾರ ಹತ್ತಿರ ಹೇಳಬೇಕು ಎಂದೂ ಕೇಳಿ. “ನಮ್ಮಲ್ಲಿ ಅಂಥದ್ದೆಲ್ಲ ನಡಿಯಲ್ಲ ಮೇಡಂ” ಎಂಬ ಉತ್ತರ ಬಂದರೆ ಹಣ ಕಟ್ಟಬೇಡಿ. ಒಬ್ಬರ ಹೆಸರು, ನಂಬರು ಹೇಳಿದರೆ ಅದನ್ನು ಬರೆದುಕೊಂಡು ಹೊರಡುವ ಹಿಂದಿನ ರಾತ್ರಿ ಮಗುವಿಗೆ ತೋರಿಸಿ. ಅಲ್ಲಿ ಹೇಳಲಾಗದಿದ್ದರೆ ಮನೆಗೆ ಬಂದ ಮೇಲೆ ನಮಗೆ ಹೇಳು, ಎಷ್ಟು ದಿನ ಕಳೆದಿದ್ದರೂ ಹೇಳು, ನಾವು ನಂಬುತ್ತೇವೆ ಎಂದು ಹೇಳಿ ಕಳಿಸಿ.